ಕಂಬಳಿ ಹೊದ್ದ ಗಾಡಿ

"ಕಂಬಳಿ ತೆಗಿ," ಎಂದಳು ಅಕ್ಕ, ಗೇಟು ದಾಟುವ ಮೊದಲೇ.

ಅವಳ ತಮ್ಮ, ಬೇಕರಿಯ ಬ್ರೆಡ್ಡಿನವನು, ತಲೆ ಕೆರೆದುಕೊಂಡ. ರಾತ್ರಿ ಪಿಕಪ್ಪಿಗೆ ಏನೂ ಹೊದಿಸಬೇಡ, ಬೆಳಿಗ್ಗೆ ನಾನು ಬರುವ ತನಕ ಬಿಸಿನೀರು ಸುರಿಯಬೇಡ, ಕೀಲಿಯನ್ನಂತೂ ಮುಟ್ಟಲೇಬೇಡ ಎಂದು ಅವಳು ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಳು. ಮನಸ್ಸು ಕೇಳಬೇಕಲ್ಲ? ಮಲಗುವ ಮುಂಚೆ ಮಂಚದ ಮೇಲಿನ ದಪ್ಪ ಕಂಬಳಿ ತಂದು ಬಾನೆಟ್ಟಿಗೆ ಹೊದಿಸಿ, ನಾಲ್ಕೂ ಮೂಲೆ ಸಿಕ್ಕಿಸಿಯೇ ಹೋಗಿದ್ದ. ಅವನ ಹೆಂಡತಿ ಆ ಗಾಡಿಯನ್ನು ಸವತಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಗಾಡಿಯ ಹಿಂದೆ ಆಸ್ಪತ್ರೆಯ ಬ್ರೆಡ್ಡು ಆಗಲೇ ತುಂಬಿತ್ತು. ರೋಗಿಗಳ ಬೆಳಗಿನ ತಿಂಡಿಗೆ ಎರಡು ಸಲ ತಡವಾಗಿತ್ತು. ಇವತ್ತೂ ತಡವಾದರೆ ನಾಳೆಯಿಂದ ಬೇರೆ ಬೇಕರಿ ಎಂದು ಅಲ್ಲಿಯ ಅಡುಗೆಮನೆಯಾಕೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಈ ಮನೆಯ ಒಲೆ ಉರಿಯುತ್ತಿದ್ದುದೇ ಆ ಆಸ್ಪತ್ರೆಯಿಂದ. ಹಗಲಲ್ಲಿ ಗಾಡಿ ಚಿನ್ನದಂಥದ್ದು. ಅಕ್ಕನ ಗ್ಯಾರೇಜಿಗೆ ಒಯ್ದಾಗಲೆಲ್ಲ ಕೀಲಿ ತಿರುಗಿಸುವುದೇ ತಡ, ಗುರ್ರೆಂದು ಎದ್ದು ಇವನ ಮಾನ ಕಳೆಯುತ್ತಿತ್ತು. ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ ಮಾತ್ರ ಅದರ ಮುಷ್ಕರ. ಹೊಸ ಬ್ಯಾಟರಿ ಹಾಕಿಸಿದ, ಎಂಜಿನ್ ಬಿಸಿಮಾಡುವ ಪ್ಲಗ್ಗುಗಳನ್ನೂ ಬದಲಾಯಿಸಿದ. ಉಹುಂ. ಕಳ್ಳನನ್ನು ಅವನ ಹೊತ್ತಿಗೇ ಹೋಗಿ ಹಿಡಿಯಬೇಕೆಂದು ಅಕ್ಕ ಇವತ್ತು ನಸುಕಿನಲ್ಲೇ ಬಂದಿದ್ದಳು.

ಬಾನೆಟ್ ಎತ್ತಿ ಎಂಜಿನ್ ಮೇಲೆ ಅಂಗೈ ಇಟ್ಟಳು. "ಕಲ್ಲಿನ ಹಾಗೆ ತಣ್ಣಗಿದೆ. ನೀನು ಕಂಬಳಿ ಹೊದಿಸಿದ್ದು ಇದಕ್ಕೆ ಗೊತ್ತೇ ಇಲ್ಲ ಕಣೋ."

"ಅಕ್ಕಾ, ಹೊತ್ತಾಯ್ತು. ಒಂದ್ಸಲ ಕೀ ತಿರುಗಿಸ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ. ಹೋದ ತಿಂಗಳು ಅಷ್ಟು ಸೆಕೆ ಇತ್ತಲ್ಲ, ಆಗ ಬೆಳಿಗ್ಗೆ ಹೇಗೆ ಏಳ್ತಿತ್ತು ಇದು?"

ಬ್ರೆಡ್ಡಿನವನಿಗೆ ನೆನಪಾಗಲಿಲ್ಲ. ಉತ್ತರ ಬಾಗಿಲ ಬಳಿಯಿಂದ ಬಂತು. ಅವನ ಹೆಂಡತಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು. "ಆಗ್ಲೂ ಇದೇ ರಾಗ, ಅತ್ತಿಗೆ. ನಾವು ಫ್ಯಾನ್ ಹಾಕ್ಕೊಂಡು ಮಲಗ್ತಿದ್ದಾಗ್ಲೂ ಇದು ಹೀಗೇ ಕೆಮ್ಮುತ್ತಿತ್ತು."

"ನೀನ್ಯಾಕೆ ಹೀಗೆ ನಡುಗ್ತಿದೀಯಾ?"

"ನನ್ನ ಕಂಬಳಿ ಸವತಿ ಮೇಲಿತ್ತಲ್ಲ."

ಅಕ್ಕ ನಕ್ಕಳು. ಉತ್ತರ ಅವಳಿಗೆ ಅರ್ಧ ಸಿಕ್ಕಿತ್ತು. ಹೊಗಳುವುದಾದರೆ ಅವಳ ಈ ಗುಣವನ್ನೇ ಹೊಗಳಬೇಕು. ಬೇರೆಯವರ ಕೈ ಮೊದಲು ಸ್ಪ್ಯಾನರಿಗೆ ಹೋಗುತ್ತದೆ, ಇವಳು ಮೊದಲು ಮನೆಯವರನ್ನು ವಿಚಾರಿಸುತ್ತಾಳೆ. ಡೀಸೆಲ್ ಫಿಲ್ಟರಿನ ಪಕ್ಕದಲ್ಲಿ ಮುಷ್ಟಿಯಷ್ಟು ದಪ್ಪದ ರಬ್ಬರಿನ ಕೈಪಂಪು ಇತ್ತು. ತಮ್ಮನ ಹಿಟ್ಟು ಮೆತ್ತಿದ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಒತ್ತಿಸಿದಳು.

"ಏನನ್ಸುತ್ತೆ?"

"ಮೆತ್ತಗಿದೆ. ಕೊಳೆತ ಟೊಮೆಟೊ ಥರ."

"ಗಟ್ಟಿ ಇರಬೇಕಿತ್ತು. ಒಳಗೆ ಡೀಸೆಲ್ಲೇ ಇಲ್ಲ. ರಾತ್ರಿ ನಿಂತಾಗ ಎಲ್ಲ ವಾಪಸ್ ಟ್ಯಾಂಕಿಗೆ ಇಳಿದುಹೋಗಿದೆ. ಇದಕ್ಕೆ ಚಳಿ ಅಲ್ಲ ಕಣೋ, ಹಸಿವು. ಹಸಿದವಳಿಗೆ ಊಟ ಹಾಕೋದು ಬಿಟ್ಟು ಕಂಬಳಿ ಹೊದಿಸ್ತಾ ಕೂತಿದೀಯಾ!"

"ಮತ್ತೆ ಬಿಸಿನೀರು ಹಾಕಿದಾಗ ಏಳ್ತಿತ್ತಲ್ಲ?"

"ನೀನು ಗಂಟೆಗಟ್ಟಲೆ ಕೀ ತಿರುಗಿಸ್ತಿದ್ದೆ, ಡೀಸೆಲ್ಲು ಹಾಗೂ ಹೀಗೂ ಮೇಲೆ ಬರ್ತಿತ್ತು. ಹೆಸರು ಮಾತ್ರ ಬಿಸಿನೀರಿಗೆ."

ಅವಳು ಪಂಪನ್ನು ಒತ್ತಿದಳು, ಒತ್ತುತ್ತಲೇ ಹೋದಳು. ಅದು ಕೈಗೆ ಗಟ್ಟಿಯಾಗಿ ಎದುರು ನಿಂತಾಗ, "ಈಗ ತಿರುಗಿಸು," ಎಂದಳು. ಬ್ರೆಡ್ಡಿನವನು ಕಣ್ಣು ಮುಚ್ಚಿಕೊಂಡು ಕೀಲಿ ತಿರುಗಿಸಿದ. ಗಾಡಿ ಒಂದೇ ಏಟಿಗೆ ಎದ್ದಿತು. ಅವನು ಸೀಟಿನಲ್ಲೇ ಕುಳಿತು ಮಗುವಿನ ಹಾಗೆ ನಕ್ಕ.

"ನಗು ಸಾಕು, ಆಫ್ ಮಾಡು. ಇನ್ನೂ ಕಳ್ಳ ಸಿಕ್ಕಿಲ್ಲ."

ಟಾರ್ಚು ಹಿಡಿದು ಗಾಡಿಯ ಕೆಳಗೆ ತೂರಿದಳು. ಟ್ಯಾಂಕಿನಿಂದ ಬರುವ ಪೈಪನ್ನು ಬೆರಳಿನಿಂದ ತಡವುತ್ತ ತಡವುತ್ತ ಒಂದು ಕಡೆ ಕೈ ನಿಲ್ಲಿಸಿದಳು. ಪಟ್ಟಿ ಬಿಗಿದ ಜಾಗದಲ್ಲಿ ರಬ್ಬರು ಕೂದಲೆಳೆಯಷ್ಟು ಸೀಳಿತ್ತು. "ಹೊರಗೆ ಒಂದು ತೊಟ್ಟೂ ಸೋರಲ್ಲ. ಒಳಗೆ ಗಾಳಿ ಎಳ್ಕೊಂಡು ಡೀಸೆಲ್ಲನ್ನ ಕೆಳಗಿಳಿಸುತ್ತೆ ಅಷ್ಟೇ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ." ಸೀಳಿದ ತುದಿಯನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಎಳೆದು ಕೂರಿಸಿ ಪಟ್ಟಿ ಬಿಗಿದಳು. ಮತ್ತೆ ಪಂಪು ಒತ್ತಿದಳು. ಗಾಡಿ ಮತ್ತೆ ಎದ್ದಿತು. ಎಷ್ಟು ತಿಂಗಳ ತಲೆನೋವು, ಬೆರಳುದ್ದದ ರಬ್ಬರಿನ ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಬ್ರೆಡ್ಡಿನವನು ಕೆಳಗಿಳಿದು ಅಕ್ಕನ ಕೈ ಹಿಡಿದುಕೊಳ್ಳಲು ಬಂದ.

"ಅದೆಲ್ಲ ಆಮೇಲೆ. ಅಲ್ಲಿ ರೋಗಿಗಳು ಕಾಯ್ತಿದಾರೆ, ಹೊರಡು."

ಗಾಡಿ ಹೊರಟಿತು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ; ಹೊತ್ತಿಗೆ ಮುಂಚೆಯೇ ತಲುಪುವಂತಿತ್ತು. ಆದರೆ ಗೇಟಿನ ಬಳಿ ಬ್ರೇಕು ಕಿರ್ರೆಂದಿತು.

"ಅಯ್ಯೋ, ಮತ್ತೇನಾಯ್ತು?" ಎಂದು ಹೆಂಡತಿ ಅಂಗಳಕ್ಕೆ ಇಳಿದಳು.

ಎಂಜಿನ್ ಓಡುತ್ತಲೇ ಇತ್ತು. ಬ್ರೆಡ್ಡಿನವನು ಓಡಿ ಬಂದ. ಅಕ್ಕನ ಟೂಲ್‌ಬಾಕ್ಸಿನ ಮೇಲೆ ಬಿದ್ದಿದ್ದ ಕಂಬಳಿಯನ್ನು ಎತ್ತಿ ಕೊಡವಿ ಹೆಂಡತಿಯ ಹೆಗಲ ಮೇಲೆ ಹಾಕಿದ. ಬಾನೆಟ್ಟಿಗೆ ಹೊದಿಸುತ್ತಿದ್ದಷ್ಟೇ ಶ್ರದ್ಧೆಯಿಂದ ಮೂಲೆಗಳನ್ನೆಲ್ಲ ಸಿಕ್ಕಿಸಿದ. ಮತ್ತೆ ಓಡಿ ಹೋಗಿ ಗಾಡಿ ಹತ್ತಿದ.

"ಇವತ್ತು ಸರಿಯಾದ ಕಡೆ ಹೊದಿಸಿದ ನೋಡು," ಎಂದಳು ಅಕ್ಕ, ಕೈ ಒರೆಸಿಕೊಳ್ಳುತ್ತ.

ಹೆಂಡತಿ ಕಂಬಳಿಯೊಳಗೆ ಮೂಗು ಹುದುಗಿಸಿದಳು. "ಪೂರ್ತಿ ಸವತಿ ವಾಸನೆ, ಅತ್ತಿಗೆ," ಎಂದಳು, ಅದನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಳ್ಳುತ್ತ.