ಮೂರನೇ ಗೇರ್

ಏರಿನ ನಡುವೆ ಪಿಕಪ್‌ನ ಮೂರನೇ ಗೇರ್ ಮತ್ತೆ ಟಕ್ಕೆಂದು ಜಾರಿತು. ಎರಡು ಸಲ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿ, ಈಗ ತಾನೇ ಗಾಡಿ ಓಡಿಸುತ್ತಿದ್ದ ಮೆಕ್ಯಾನಿಕ್ ಮಾವನ ಮುಖ ಸಣ್ಣದಾಯಿತು. "ಬೇರೆ ಗ್ಯಾರೇಜ್ ನೋಡ್ತೀನಿ ಬಿಡಿ," ಎಂದ ಆಚೆ ಕಿಟಕಿ ಪಕ್ಕದಲ್ಲಿದ್ದ ಗಾಡಿ ಮಾಲೀಕ.

ನಡುವೆ ಕೂತಿದ್ದ ಸೊಸೆ ಗೇರ್ ರಾಡಿನ ಬುಡದಲ್ಲಿದ್ದ ಹೊಸ ರಬ್ಬರ್ ಕವರನ್ನು ಒತ್ತಿ ನೋಡಿದಳು. "ಬಾಕ್ಸ್ ಸರಿಯಾಗಿದೆ ಮಾವ. ಈ ರಬ್ಬರ್ ಬಿಗಿಯಾಗಿ ರಾಡನ್ನ ವಾಪಸ್ ಎಳೀತಿದೆ. ಗೇರ್ ಪೂರ್ತಿ ಕೂರ್ತಾನೇ ಇಲ್ಲ."

"ಅದನ್ನ ಹಾಕಿದ್ದು ನಾನು. ನನ್ನ ತಪ್ಪು ಅಂತೀಯಾ?"

"ತಪ್ಪು ರಬ್ಬರಿನದ್ದು. ನೀವು ಹಾಕಿದ್ರಿ, ಅಷ್ಟೇ."

ಮಾವ ಗಾಡಿ ನಿಲ್ಲಿಸಿ ತಾನೇ ಬ್ಲೇಡು ಕೊಟ್ಟ. ಅವಳು ರಬ್ಬರನ್ನು ಕೊಯ್ದು ತೆಗೆದಳು. ಗಾಡಿ ಮತ್ತೆ ಏರು ಹತ್ತಿತು. ಮಾವ ಮೂರನೇ ಗೇರ್ ಹಾಕಿ ರಾಡಿನಿಂದ ಮೆಲ್ಲಗೆ ಕೈ ಎತ್ತಿದ. ಗೇರ್ ಕದಲಲಿಲ್ಲ.

"ನಿಮ್ಮಲ್ಲಿ ಮೆಕ್ಯಾನಿಕ್ ಯಾರು ಸ್ವಾಮಿ?" ಮಾಲೀಕ ನಕ್ಕ.

"ಇವಳೇ," ಎಂದ ಮಾವ, ಎಂಜಿನ್ನಿಗಿಂತ ಜೋರಾಗಿ. "ನಾನು ನಟ್ಟು ಬಿಚ್ಚಿಕೊಡ್ತೀನಿ."