ಗುರುವಾರದ ಹಂದಿ

ಪ್ರತಿ ಗುರುವಾರ ತಪಾಸಣಾಧಿಕಾರಿ ಶಶಿಧರ ಹಂದಿ ಸಾಕುವವರ ಮನೆಗಳಿಗೆ ಸರಕಾರಿ ಹಂದಿಯನ್ನು ಹಗ್ಗ ಹಿಡಿದು ತರುತ್ತಿದ್ದ. ನಿಷೇಧಿತ ಆಂಟಿಬಯಾಟಿಕ್ ವಾಸನೆ ಹಂದಿಮರಿಯಿಂದ ಬಂದರೆ ಅದು ಮರಿಯನ್ನು ಸೀಳುತ್ತಿತ್ತು, ಮನುಷ್ಯನಿಂದ ಬಂದರೆ ಮನುಷ್ಯನನ್ನು. ಕಾರ್ಮಿನ್ ಬಾಯಿಯ ಮರಿಗಳು ಬೆಳ್ಳುಳ್ಳಿ, ದೊಡ್ಡಪತ್ರೆ ಅರೆದು ಕಲಸಿದ ಬೂಸಾ ತಿಂದೇ ಭೇದಿಯಿಂದ ಪಾರಾಗಿದ್ದವು. ಮಗಳು ಲವಿಟಾಳ ಜ್ವರ ಮಾತ್ರ ಆ ರಸಕ್ಕೆ ಬಗ್ಗಲಿಲ್ಲ. ಈ ಗುರುವಾರ ಬೆಳಿಗ್ಗೆ ಅವಳಿಗೆ ಕದ್ದು ತಂದ ಆಂಟಿಬಯಾಟಿಕ್ಕಿನ ಅರ್ಧ ಮಾತ್ರೆ ನುಂಗಿಸಿದ ಕಾರ್ಮಿನ್ ಬಾಯಿ, ಕೈ ತೊಳೆಯುವ ಮೊದಲೇ ಒಂದು ಮರಿಯನ್ನು ಎತ್ತಿದ್ದಳು.

ಆ ಮರಿಯನ್ನು ಹಂದಿ ಎರಡು ಹೋಳು ಮಾಡಿತು. ಗೋಡೆಗೆಲ್ಲ ರಕ್ತ ಸಿಡಿಯಿತು.

“ಹಂದಿ ಮೂಸಿದ್ದು ಮರಿಯ ಬೆನ್ನನ್ನು, ಮೂತಿಯನ್ನಲ್ಲ. ಇದಕ್ಕೆ ಹತ್ತಿದ್ದು ನಿಮ್ಮ ಕೈಯಿಂದ. ಒಳಗೆ ಯಾರಿಗೆ ಹುಷಾರಿಲ್ಲ ಬಾಯಿ?” ಶಶಿಧರ ಹಂದಿಯನ್ನು ಮನೆಯತ್ತ ಎಳೆದ.

“ದಮ್ಮಯ್ಯ ಸರ್, ಹೋಗ್ಬೇಡಿ! ಒಬ್ಬಳೇ ಮಗಳು ಮಾರಾಯ್ರೆ!”

ಅವಳು ಕಾಲಿಗೆ ಬಿದ್ದಳು. ಅವನು ಮುಖಕ್ಕೆ ಒದ್ದ. ಹಲ್ಲು ಉದುರಿದರೂ ಬಿಡದೆ ಅವನ ಕಾಲನ್ನು ಎರಡೂ ಕೈಯಿಂದ ಸವರಿದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡಿದ್ದ ಉಳಿದರ್ಧ ಮಾತ್ರೆ ಈಗ ಅವಳ ಅಂಗೈಯಲ್ಲಿ ಪುಡಿಯಾಗಿತ್ತು.

ಹಂದಿ ತನಗೆ ಹತ್ತಿರವಿದ್ದ ಅವನ ಕಾಲಿನತ್ತ ಮೂಗು ತಿರುಗಿಸಿತು. ಹಗ್ಗ ಶಶಿಧರನ ಮುಂಗೈಗೇ ಸುತ್ತಿಕೊಂಡಿತ್ತು.

ಅವನು ಕಿರುಚುವಷ್ಟು ಹೊತ್ತು ಅವಳು ಬಾವಿಕಟ್ಟೆಯಲ್ಲಿ ಸೋಪು ಹಚ್ಚಿ, ಬೆರಳ ಸಂದುಗಳನ್ನೂ ಬಿಡದೆ ತಿಕ್ಕಿದಳು. ಆಮೇಲೆ ಬೆಳ್ಳುಳ್ಳಿ, ದೊಡ್ಡಪತ್ರೆ ಜಜ್ಜಿ ಮೈಗೆಲ್ಲ ಬಳಿದುಕೊಂಡು, ತನ್ನ ಮರಿಗಳ ಹಾಗೆ ನಾರುತ್ತ, ಹಂದಿ ಮನೆಯತ್ತ ತಿರುಗುವ ಮೊದಲೇ ಹೋಗಿ ಅದರ ಹಗ್ಗ ಹಿಡಿದಳು.