ಬೆಕ್ಕಿನ ಬಾಲ

“ಮೊದಲು ಮಗುವಿನ ಕೈ ಬಿಡೀಮ್ಮ,” ಎಂದರು ಟೀಚರ್.

ತಾನು ಮಗಳು ಗುಬ್ಬಿಯ ಮಣಿಕಟ್ಟನ್ನು ಹಿಡಿದೇ ಕುಳಿತಿದ್ದೇನೆಂದು ಅಮ್ಮನಿಗೆ ಆಗಲೇ ಗೊತ್ತಾದದ್ದು. ತಟ್ಟನೆ ಬಿಟ್ಟಳು. ಬಿಟ್ಟ ಕೈ ಸುಮ್ಮನಿರಬೇಕಲ್ಲ, ಚೀಲದ ಪಟ್ಟಿಯನ್ನು ಹಿಡಿದು ತಿರುಚತೊಡಗಿತು. ಶಿಶುವಿಹಾರದಲ್ಲಿ ಉಳಿದಿದ್ದುದು ಒಂದೇ ಸೀಟು. ಅದಕ್ಕಾಗಿ ಹೊರಗೆ ಇನ್ನೊಬ್ಬರು ತಮ್ಮ ಮಗನನ್ನು ಕೂರಿಸಿಕೊಂಡು ಕಾಯುತ್ತಿದ್ದರು. ಇವಳದು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಇಷ್ಟು ದಿನ ಗುಬ್ಬಿ ಕಟಿಂಗ್ ಮೇಜಿನ ಕೆಳಗೆ ಚಿಂದಿಬಟ್ಟೆಗಳ ನಡುವೆ ಆಡಿಕೊಂಡಿದ್ದಳು. ಮೊನ್ನೆ ದೊಡ್ಡ ಕತ್ತರಿಯನ್ನು ಮೈಮೇಲೆ ಎಳೆದುಕೊಂಡಳು. ಮಗುವಿಗೆ ಏನೂ ಆಗಲಿಲ್ಲ, ಆದರೆ ಮಾಲೀಕರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: ಸೋಮವಾರದಿಂದ ಮಗುವನ್ನು ಕರೆತರುವುದಾದರೆ ನೀನೂ ಬರಬೇಡ.

“ಇದು ಪರೀಕ್ಷೆ ಅಲ್ಲ. ಬೆರಳು ಹೇಗೆ ತಿರುಗುತ್ತೆ, ಲೆಕ್ಕ ಎಷ್ಟು ಹಿಡಿದಿದೆ ಅಂತ ನೋಡ್ತೀವಿ, ಅಷ್ಟೇ.”

ಪರೀಕ್ಷೆ ಅಲ್ಲ ಎಂದು ಹೇಳಿ ಮಾಡುವುದೇ ದೊಡ್ಡ ಪರೀಕ್ಷೆ. ಅಷ್ಟೂ ಗೊತ್ತಾಗದಷ್ಟು ಪೆದ್ದಿಯಲ್ಲ ಅವಳು. ತಯಾರಾಗಿಯೇ ಬಂದಿದ್ದಳು. ಚೀಲದಿಂದ ಕಾಗದಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಟೀಚರ್ ಒಂದೊಂದೇ ತಿರುವಿದರು. ಮನೆ, ಮನೆಗೆ ಒಂದೇ ಅಳತೆಯ ಕಿಟಕಿಗಳು. ಮರ, ಮರದಲ್ಲಿ ಸಾಲಾಗಿ ಹಣ್ಣುಗಳು. ಎಲ್ಲಿಯೂ ಒಂದು ಗೆರೆ ಅತ್ತಿತ್ತ ಆಗಿರಲಿಲ್ಲ.

“ಇದೆಲ್ಲ ಇವಳೇ ಬರೆದದ್ದಾ?”

“ಕೈ ಅವಳದೇ ಟೀಚರ್.”

ಸುಳ್ಳೇನಲ್ಲ. ಕೆಲಸ ಮುಗಿಸಿ ಬಂದ ಮೇಲೆ ದಿನಾ ಸಂಜೆ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ಅವಳ ಕೈ ಹಿಡಿದು ಬರೆಸಿದ್ದಳು. ಬಟ್ಟೆಯ ಮೇಲೆ ಕಣ್ಣಳತೆಯಲ್ಲೇ ನೆಟ್ಟಗೆ ಗೆರೆ ಎಳೆಯುವವಳಿಗೆ ಸೊಟ್ಟಗೆರೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಟೀಚರ್ ಬಿಳಿ ಹಾಳೆಯನ್ನೂ ಬಣ್ಣದ ಕಡ್ಡಿಯನ್ನೂ ಗುಬ್ಬಿಯ ಮುಂದಿಟ್ಟರು. “ಪುಟ್ಟಾ, ಒಂದು ಅಮ್ಮ ಬೆಕ್ಕು, ಅದಕ್ಕೆ ಮೂರು ಮರಿ ಬರಿ. ಎಲ್ಲರಿಗೂ ಹಾಲು ಕುಡಿಯೋಕೆ ಒಂದೊಂದು ಬಟ್ಟಲು ಕೊಡು. ಆಯ್ತಾ?”

ಗುಬ್ಬಿ ಕಡ್ಡಿಯನ್ನು ಹಿಡಿದಳು. ಹಿಡಿದು, ಕೈಯನ್ನು ಅಮ್ಮನ ಕಡೆಗೆ ಚಾಚಿ ಕಾಯುತ್ತ ಕುಳಿತಳು.

“ಬರಿ ಕಂದಾ! ಬರುತ್ತೆ ಟೀಚರ್, ಅವಳಿಗೆ ಎಲ್ಲಾ ಬರುತ್ತೆ, ಹೊಸ ಜಾಗ ನೋಡಿ...”

“ನೀವು ಸ್ವಲ್ಪ ಹೊರಗಿರಿ.”

ಬಾಗಿಲು ಮುಚ್ಚಿಕೊಂಡಿತು. ಹೊರಗೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಬೆಂಚಿನ ಮೇಲೆ ಮಗನಿಗೆ ಪಿಸುದನಿಯಲ್ಲಿ ಲೆಕ್ಕ ಉರು ಹೊಡೆಸುತ್ತಿದ್ದ ಆ ಇನ್ನೊಬ್ಬರು ತಲೆಯೆತ್ತಿದರು.

“ನಿಮ್ಮ ಮಗಳು ಎಷ್ಟರವರೆಗೆ ಎಣಿಸ್ತಾಳೆ?”

“ನೂರು,” ಎಂದಳು. ಗುಬ್ಬಿ ಹತ್ತು ದಾಟಿದವಳೇ ಅಲ್ಲ.

ಆ ಮನುಷ್ಯನ ಮುಖ ಇಳಿದುಹೋಯಿತು. “ಇವನು ಇಪ್ಪತ್ತರ ತನಕ ಹೋಗ್ತಾನೆ. ಆದ್ರೆ ಹದಿನೈದನ್ನ ನುಂಗಿಬಿಡ್ತಾನೆ.” ಮಗನಿಗೆ ಮತ್ತೆ ಒಂದರಿಂದ ಶುರುವಾಯಿತು. ಅವಳಿಗೆ ನಾಚಿಕೆಯಾಯಿತು, ಆದರೆ ಹೇಳಿದ್ದನ್ನು ನುಂಗಿಕೊಳ್ಳುವ ಧೈರ್ಯ ಬರಲಿಲ್ಲ. ಬಾಗಿಲ ಗಾಜಿಗೆ ಮೂಗು ತಗುಲಿಸಿ ಒಳಗೆ ನೋಡಿದಳು.

ಗುಬ್ಬಿ ಬರೆಯುತ್ತಿದ್ದಳು! ಎಡಗೈಯಿಂದ ತನ್ನದೇ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಎಡಗೈ ತಳ್ಳಿದತ್ತ ಬಲಗೈ ಹೋಗುತ್ತಿತ್ತು. ತುಟಿ ಏನೋ ಗೊಣಗುತ್ತಿತ್ತು. ಕಳ್ಳಿ, ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳೆ ಎಂದು ಅಮ್ಮನಿಗೆ ನಗು ಬಂತು. ಅಷ್ಟರಲ್ಲಿ ಟೀಚರ್ ಎದ್ದು ಅಡ್ಡ ನಿಂತರು. ಆಮೇಲೆ ಕಂಡದ್ದು ಅವರ ಬೆನ್ನು ಮಾತ್ರ.

ಒಳಗೆ ಕರೆದಾಗ ಅವಳು ಮೊದಲು ನೋಡಿದ್ದು ಹಾಳೆಯನ್ನು. ಬೆಕ್ಕು ಆಲೂಗಡ್ಡೆಯಂತಿತ್ತು. ಮರಿಗಳಿಗೆ ಒಂದು ಕಡೆ ಕಿವಿ ಇದ್ದರೆ ಇನ್ನೊಂದು ಕಡೆ ಇರಲಿಲ್ಲ. ಅಮ್ಮ ಬೆಕ್ಕಿನ ಬಾಲವಂತೂ ನಡುಗುತ್ತ ಹಾಳೆಯನ್ನೇ ದಾಟಿ ಮೇಜಿನ ಮೇಲೆ ಹರಿದಿತ್ತು.

“ಇನ್ನೊಂದು ಹಾಳೆ ಕೊಡಿ ಟೀಚರ್, ನಾನು ನೀಟಾಗಿ ಬರೆಸ್ತೀನಿ.”

“ಬೇಡ. ಮರಿಗಳಿಗೆ ಮೂರು ಬಟ್ಟಲು, ಅಮ್ಮಂಗೆ ಒಂದು. ಯಾರನ್ನೂ ಬಿಟ್ಟಿಲ್ಲ ನೋಡಿ, ಲೆಕ್ಕ ಹಿಡಿದಿದ್ದಾಳೆ. ಈ ವಯಸ್ಸಿಗೆ ಗೆರೆ ಹೀಗೇ ಇರಬೇಕು. ಬರೀತಾ ಬರೀತಾ ಬೆರಳು ತಾನಾಗೇ ಕಲಿಯುತ್ತೆ.” ಟೀಚರ್ ಹಾಳೆಯನ್ನು ಎತ್ತಿಟ್ಟುಕೊಂಡರು. “ಸೋಮವಾರದಿಂದ ಕಳಿಸಿ.”

ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಸೀಟು ಸಿಕ್ಕಿತು, ಕೆಲಸ ಉಳಿಯಿತು. ಖುಷಿಗೆ ಕಣ್ಣು ತುಂಬಿ ಬಂತು. ಮಗಳನ್ನು ಕರೆದುಕೊಂಡು ಹೊರಡೋಣವೆಂದು ಬಗ್ಗಿ ಅವಳ ಕೈಗೆ ಕೈ ಚಾಚಿದಳು.

ಗುಬ್ಬಿ ಬಲಗೈಯನ್ನು ಸರಕ್ಕನೆ ಬೆನ್ನ ಹಿಂದೆ ಸರಿಸಿಕೊಂಡಳು.

“ಬಾಲ ಸೊಟ್ಟ ಆಯ್ತಲ್ಲ, ಅದಕ್ಕೇ ಕೈಗೆ ನಾನೇ ಹೊಡೆದಾಯ್ತಮ್ಮ,” ಎಂದಳು. “ನೀನು ಮತ್ತೆ ಹೊಡೀಬೇಡ.”